ತುಟಿ ಸೇರುವ ಮಾತು

ಭಾನುವಾರ, ಬೆಳಗ್ಗೆ

ಪ್ರೀತಿಯ ಅತ್ತಿಗೆಗೆ,

ಸದಾ ಕುಂಯ್‌ಗುಡುತ್ತಾಳೆ ಎಂದು ನೀವೇ ಹೆಸರಿಟ್ಟ ನಿಮ್ಮ ಪಿಟೀಲಿನ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ, ನಮ್ಮ ಮನೆಯವರು ಚೆನ್ನಾಗಿದ್ದಾರೆ. ಅಡುಗೆಮನೆಯ ನಲ್ಲಿ ಮಾತ್ರ ಚೆನ್ನಾಗಿಲ್ಲ, ಹಗಲೂ ರಾತ್ರಿ ತೊಟ್ಟಿಕ್ಕುತ್ತ ಕೂತಿದೆ. ನಿಮ್ಮ ಕಾಗದ ಬಂದು ಬಹಳ ದಿನವಾಯಿತು, ನಾನು ತುಟಿ ಪಿಟಕ್ಕೆನ್ನದೆ ಇದ್ದುಬಿಟ್ಟೆ. ಫೋನಿನಲ್ಲಿ ನಾವಿಬ್ಬರೂ ಹವೆ, ನೆಗಡಿ, ನಲ್ಲಿ ಎಂದೆಲ್ಲ ಮಾತಾಡಿದೆವೇ ಹೊರತು ಕಾಗದದ ಸುದ್ದಿ ಎತ್ತಲಿಲ್ಲ. ನೀವೂ ಕೇಳಲಿಲ್ಲ. ಕೇಳದೆ ಇರುವುದರಲ್ಲಿ ನಿಮ್ಮನ್ನು ಮೀರಿಸುವವರು ಯಾರಿದ್ದಾರೆ ಹೇಳಿ.

ದಿನಾ ಫೋನು ಮಾಡುವವರು ಇದೊಂದನ್ನು ಕಾಗದದಲ್ಲಿ ಬರೆದು ಕಳಿಸಿದಾಗಲೇ ಏನೋ ಇದೆ ಎಂದು ನನಗೆ ಗೊತ್ತಾಗಿತ್ತು. ಬಾಯಲ್ಲಿ ಹೇಳಿದರೆ ದನಿಯಿಂದಲೇ ನಾನು ಹಿಡಿದುಬಿಡುತ್ತೇನೆ ಎಂದು ನಿಮಗೆ ಗೊತ್ತು. ಪರದೆಯ ಮೇಲೆ ಯಾರೋ ತುಟಿ ಆಡಿಸುತ್ತಾರೆ, ಅದಕ್ಕೆ ದನಿ ಕೊಟ್ಟು ಹೊಟ್ಟೆ ಹೊರೆಯುವವಳು ನಾನು. ಯಾರು ಎಲ್ಲಿ ಉಸಿರು ನುಂಗಿದರು ಎನ್ನುವುದು ನನಗೆ ಗೋಡೆಯಾಚೆಯಿಂದಲೂ ಕೇಳುತ್ತದೆ. ಅದಕ್ಕೇ ಜಾಣತನ ಮಾಡಿ ಕಾಗದ ಹಿಡಿದಿರಿ. ಆದರೂ ಸಿಕ್ಕಿಬಿದ್ದಿರಿ ಅತ್ತಿಗೆ. ಆಸ್ಪತ್ರೆಯಲ್ಲಿ ಲಿಫ್ಟು ನೋಡಿಕೊಳ್ಳುವವರು ಎಂದು ಶುರು ಮಾಡಿ, ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಬರೀ ಅವರು, ಅವರು, ಅವರು ಎಂದು ಬರೆದಿದ್ದೀರಿ.

ನೀವು ಬರೆದದ್ದನ್ನು ನಾನು ಬಾಯಿಪಾಠ ಮಾಡಿದ್ದೇನೆ. ಅವರಿಗೆ ಬೇರೆ ಊರಿನ ಆಸ್ಪತ್ರೆಗೆ ವರ್ಗವಾಗಿದೆ. ಹೋಗುವ ಮುಂಚೆ ಮದುವೆ ಆಗೋಣ, ನೀವೂ ಬನ್ನಿ ಎಂದು ಕೇಳಿದ್ದಾರೆ. ಕೇಳಬೇಕಾದವರನ್ನು ಕೇಳಿ ಹೇಳುತ್ತೇನೆ ಎಂದು ನೀವು ಅಂದಿದ್ದೀರಿ. ಅದರ ಕೆಳಗೆ ಒಂದು ಸಾಲು ಬಿಟ್ಟು ಬರೆದಿದ್ದೀರಿ: ನಾನು ಹೂಂ ಅಂದರೆ ನಿಮ್ಮಣ್ಣನ ಹೆಂಡತಿಯಾಗಿ ಉಳಿಯುವುದಿಲ್ಲ. ಆಗ ನಿನಗೆ ನಾನು ಏನಾಗುತ್ತೇನೆ ಪಿಟೀಲು? ಅತ್ತಿಗೆ ಅನ್ನುವುದು ಹೋದರೆ ನನ್ನ ಹತ್ತಿರ ಬೇರೆ ಏನೂ ಇಲ್ಲ. ನಿನಗೆ ಒಂದಿಷ್ಟು ಕಸಿವಿಸಿ ಇದ್ದರೂ ಬೇಡ ಅಂದುಬಿಡುತ್ತೇನೆ, ನನಗೇನೂ ಬೇಸರವಿಲ್ಲ.

ಬೇಸರವಿಲ್ಲ ಎನ್ನುವುದನ್ನು ಎರಡು ಸಲ ಬರೆದು ಒಂದನ್ನು ಹೊಡೆದು ಹಾಕಿದ್ದೀರಿ.

ನಿಜ ಹೇಳುತ್ತೇನೆ, ಓದಿದ ಕೂಡಲೇ ನನಗೆ ಸಂತೋಷವಾಗಲಿಲ್ಲ. ಹೊಟ್ಟೆಕಿಚ್ಚಾಯಿತು. ಕಟ್ಟಿಕೊಂಡ ಗಂಡ ಪಕ್ಕದಲ್ಲಿ ಕೂತು ಬೂಟು ಒರೆಸುತ್ತಿದ್ದಾರೆ, ನಾನು ಮುಖ ಊದಿಸಿಕೊಂಡು, ನನ್ನ ಅತ್ತಿಗೆಯನ್ನು ಯಾರೋ ಕರೆದುಕೊಂಡು ಹೋಗ್ತಾರಂತೆ ಎಂದು ಅಳುವುದಕ್ಕೆ ಶುರು ಮಾಡಿದೆ. ಅವರು ಕಾಗದ ಇಸಿದುಕೊಂಡು ಓದಿ, ಬಹಳ ಹೊತ್ತು ಬೆರಳು ಮಡಿಸಿ ಲೆಕ್ಕ ಹಾಕಿ, ಹಾಗಾದ್ರೆ ಈ ಲಿಫ್ಟ್‌ನವರು ನಂಗೆ ಏನಾಗ್ಬೇಕು ಅಂದರು. ನಾನು ಸಿಟ್ಟಿನಲ್ಲಿ ಬೂಟು ಕಿತ್ತು ಆಚೆಗೆಸೆದೆ. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ನಿಮ್ಮ ಪ್ರಶ್ನೆಯೂ ಅದೇ ಅಲ್ಲವೇ. ಯಾರು ಯಾರಿಗೆ ಏನಾಗಬೇಕು? ಉತ್ತರ ನನ್ನ ಹತ್ತಿರ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ. ಈಗ ಸಿಕ್ಕಿದೆ. ಸಿಕ್ಕಿದ್ದು ಎಲ್ಲಿ ಎಂದರೆ ನಗುತ್ತೀರಿ. ಆ ಹಿಂದಿ ಸಿನಿಮಾದಲ್ಲಿ.

ಅದನ್ನು ಕನ್ನಡಕ್ಕೆ ಡಬ್ ಮಾಡುತ್ತಿದ್ದೇವೆ ಎಂದು ಹೇಳಿದ್ದೆನಲ್ಲ, ಅತ್ತಿಗೆಯೂ ನಾದಿನಿಯೂ ಇರುವ ಆ ಹಳೆಯ ಸಂಸಾರದ ಸಿನಿಮಾ. ನಾದಿನಿಯ ಪಾತ್ರಕ್ಕೆ ನನ್ನ ದನಿ ಎಂದಾಗ ನೀವು ಫೋನಿನಲ್ಲಿ ಮಾತು ಬದಲಿಸಿದ್ದಿರಿ. ಕಾಗದದಲ್ಲಿ ಬರೆದಿರಿ: ಆ ಹೆಂಗಸು ಹತ್ತಿದ ರೈಲಿನಿಂದ ಇಳಿದುಬಿಟ್ಟಳಲ್ಲ, ನಾನು ಈ ವಯಸ್ಸಿನಲ್ಲಿ ಹತ್ತುತ್ತೇನೆ ಅಂದರೆ ಏನು ಚೆಂದ?

ಅದನ್ನು ನಾವು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅಣ್ಣ ವ್ಯಾನು ತೆಗೆದುಕೊಂಡು ಹೋದವನು ಅಪಘಾತದಲ್ಲಿ ತೀರಿಕೊಂಡ ಮೇಲೆ ನಾವು ಮೊದಲ ಸಲ ಟಾಕೀಸಿಗೆ ಕಾಲಿಟ್ಟ ದಿನ ಅದು. ಇಬ್ಬರಿಗೂ ಹಿಂದಿ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ದೊಡ್ಡ ಮನೆ, ಅದಕ್ಕೆ ತಕ್ಕ ದೊಡ್ಡ ಮೆಟ್ಟಿಲು. ಮನೆಯ ಹಿರಿಮಗ ಮದುವೆಯಾಗಿ ಸ್ವಲ್ಪ ದಿನಕ್ಕೇ ಸಾಯುತ್ತಾನೆ. ಅವನ ಪುಟ್ಟ ತಂಗಿಯನ್ನು ಹೆಂಡತಿ ಸಾಕುತ್ತಾಳೆ. ಒಬ್ಬ ಡಾಕ್ಟರು ಅವಳನ್ನು ಮೆಚ್ಚುತ್ತಾನೆ. ಬೆಳೆದುನಿಂತ ಹುಡುಗಿಯನ್ನು ನೆಂಟರ ಮನೆಯಲ್ಲಿ ಬಿಟ್ಟು ಇಬ್ಬರೂ ರೈಲು ಹತ್ತುತ್ತಾರೆ. ರೈಲು ಹೊರಟಿತು ಅನ್ನುವಾಗ ಹುಡುಗಿ ಪ್ಲಾಟ್‌ಫಾರಂ ಉದ್ದಕ್ಕೂ ಓಡುತ್ತ ಭಾಭೀ ಎಂದು ಕೂಗುತ್ತಾಳೆ. ಆಕೆ ಇಳಿದುಬಿಡುತ್ತಾಳೆ. ಡಾಕ್ಟರು ಕಿಟಕಿಯಲ್ಲಿ ಕೈ ಎತ್ತಿಕೊಂಡು ಹೋಗಿಯೇ ಹೋಗುತ್ತಾನೆ. ಟಾಕೀಸಿಗೆ ಟಾಕೀಸೇ ಬಿಕ್ಕಳಿಸುತ್ತಿತ್ತು. ಪಕ್ಕದ ಹೆಂಗಸು ನಿಮ್ಮ ಸೆರಗು ತನ್ನದೆಂದುಕೊಂಡು ಅದರಲ್ಲೇ ಕಣ್ಣೊರೆಸಿಕೊಂಡಳು. ನೀವು ಮಾತ್ರ ಅಳಲಿಲ್ಲ. ಆಚೆ ಬಂದ ಮೇಲೆ, ಪಾಪ, ಟಿಕೆಟ್ ದಂಡ ಆಯ್ತಲ್ಲ ಅಂದಿರಿ. ನಾನು ದಾರಿಯುದ್ದಕ್ಕೂ ನಕ್ಕೆ. ನೀವು ನನ್ನ ಕೈಯನ್ನು ಯಾವತ್ತಿಗಿಂತ ಬಿಗಿಯಾಗಿ ಹಿಡಿದುಕೊಂಡಿದ್ದಿರಿ, ಅದು ಈಗ ನೆನಪಾಗುತ್ತದೆ.

ಈಗ ನಮ್ಮ ಗಾಜಿನ ಕೋಣೆಗೆ ಬನ್ನಿ. ನೀವು ಒಂದೇ ಸಲ ನೋಡಿದ್ದು, ಆವತ್ತು ಏನೂ ಮುಟ್ಟದೆ ಕೈಕಟ್ಟಿ ನಿಂತಿದ್ದಿರಿ. ಒಳಗೆ ಹೋಗುವ ಮುಂಚೆ ಬಳೆ, ವಾಚು ಎಲ್ಲ ಬಿಚ್ಚಬೇಕು. ಸರಭರ ಸದ್ದು ಮಾಡುವ ಬಟ್ಟೆ ಉಡುವ ಹಾಗಿಲ್ಲ. ಹೊಟ್ಟೆ ಗುರ್ ಎಂದರೂ ಮೈಕು ಕೇಳಿಸಿಕೊಳ್ಳುತ್ತದೆ, ಅದಕ್ಕೇ ಚೀಲದಲ್ಲಿ ಸದಾ ಬಿಸ್ಕತ್ತು. ಎದುರಿಗೆ ಪರದೆಯ ಮೇಲೆ ಸಿನಿಮಾ ತುಂಡು ತುಂಡಾಗಿ ಓಡುತ್ತದೆ. ಕಿವಿಯೊಳಗೆ ಆ ಅತ್ತಿಗೆ ಹಿಂದಿಯಲ್ಲಿ ಮಾತಾಡುತ್ತಾಳೆ, ನಾನು ಇಲ್ಲಿಂದ ಕನ್ನಡದಲ್ಲಿ ಉತ್ತರ ಕೊಡುತ್ತೇನೆ. ಅವಳಿಗೆ ಕನ್ನಡದಲ್ಲಿ ದನಿ ಕೊಡುವವರು ಬೇರೆ ದಿನ ಬಂದು ಹೋಗುತ್ತಾರೆ. ಹಾಗಾಗಿ ಕೋಣೆಯಲ್ಲಿ ನಾನು ಒಬ್ಬಳೇ, ಎದುರಿಗೆ ಗೋಡೆಯಷ್ಟು ದೊಡ್ಡ ಆ ಹೆಂಗಸಿನ ಮುಖ.

ಎಲ್ಲ ಸಲೀಸಾಗಿ ಹೋಗುತ್ತಿತ್ತು. ರೈಲಿನ ದೃಶ್ಯಕ್ಕೆ ಬಂದು ಗಾಡಿ ನಿಂತಿತು. ಅಲ್ಲಿ ಹುಡುಗಿಯ ಮುಖ ಪರದೆ ತುಂಬ, ಹಣೆಯೂ ಕಾಣುವುದಿಲ್ಲ, ಕಿವಿಯೂ ಕಾಣುವುದಿಲ್ಲ, ಬರೀ ಕಣ್ಣು, ಬಾಯಿ. ಅವಳು ಭಾಭೀ ಎನ್ನುತ್ತಾಳೆ. ತುಟಿ ಮುಚ್ಚಿ ತೆರೆಯುತ್ತದೆ, ಮತ್ತೆ ಮುಚ್ಚಿ ತೆರೆಯುತ್ತದೆ. ನಮ್ಮ ಸಂಭಾಷಣೆ ಬರೆಯುವವರು, ಅವರನ್ನು ನಾವು ಕವಿಗಳು ಅನ್ನುತ್ತೇವೆ, ಅಲ್ಲಿ ನೇರವಾಗಿ ಅತ್ತಿಗೇ ಎಂದು ಬರೆದಿದ್ದರು. ಹೇಳಿ ನೋಡಿ ಅತ್ತಿಗೆ, ಕನ್ನಡಿ ಮುಂದೆ ನಿಂತು ಅತ್ತಿಗೆ ಅನ್ನಿ. ತುಟಿ ಒಂದು ಸಲವೂ ಸೇರುವುದಿಲ್ಲ. ಪರದೆಯ ಮೇಲೆ ಹುಡುಗಿ ಬಾಯಿ ಮುಚ್ಚಿದಾಗ ನನ್ನ ದನಿ ಬರುತ್ತಿತ್ತು, ಅವಳು ತೆರೆದಾಗ ನಿಲ್ಲುತ್ತಿತ್ತು. ಅಳುವ ದೃಶ್ಯದಲ್ಲಿ ಅಚ್ಚುಕಟ್ಟಾಗಿ ನಗು ಬರುವ ಹಾಗಾಯಿತು. ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತರು.

ಅತ್ತಿಗಮ್ಮ ಎಂದು ನೋಡಿದೆವು. ತುಟಿ ಸೇರುವುದು ತೀರ ಕೊನೆಗೆ, ಅಷ್ಟರಲ್ಲಿ ರೈಲೇ ಹೋಗಿರುತ್ತದೆ. ನಮ್ಮ ಸೌಂಡ್ ಎಂಜಿನಿಯರು, ಅವರಿಗೆ ಬಟನ್ ಎಂದು ಹೆಸರು, ಸುಮ್ನೆ ಬೇಬಿ ಅಂದ್ಬಿಡಿ ಮೇಡಂ, ಪಕ್ಕಾ ಕೂತ್ಕೊಳತ್ತೆ ಅಂದರು. ಕವಿಗಳು ಅವರನ್ನು ನುಂಗುವ ಹಾಗೆ ನೋಡಿದರು. ಆ ದಿನ ಅಲ್ಲಿಗೇ ನಿಂತಿತು. ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಒಂದೊಂದೇ ಸಂಬಂಧವನ್ನು ಬಾಯಲ್ಲಿ ಹಾಕಿಕೊಂಡು ನೋಡಿದೆ. ಅಣ್ಣ, ಅಕ್ಕ, ತಂಗಿ, ಅತ್ತೆ, ಅತ್ತಿಗೆ, ನಾದಿನಿ. ಎಲ್ಲ ಬಾಯಿ ಬಿಟ್ಟುಕೊಂಡೇ ಹೇಳುವ ಸಂಬಂಧಗಳು. ತುಟಿಗೆ ತುಟಿ ತಾಗಬೇಕಾದರೆ ಅಮ್ಮ ಬೇಕು, ಅಪ್ಪ ಬೇಕು, ಮಗಳು ಬೇಕು. ತಮ್ಮ, ಮಾವ ನಡುವೆ ನುಸುಳಿಕೊಂಡಿದ್ದಾರೆ, ಇರಲಿ, ಅವರನ್ನೇನು ಮಾಡುವುದು. ಪಕ್ಕದಲ್ಲಿ ಕೂತವರು ನಾನು ತುಟಿ ಆಡಿಸುವುದನ್ನು ನೋಡಿ ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋದರು.

ಅಮ್ಮ ಎನ್ನುವ ಮಾತು ಬಾಯಿಗೆ ಬಂದಾಗ ನನಗೆ ಏನು ನೆನಪಾಯಿತು ಗೊತ್ತೇ? ನಾನು ತೊಟ್ಟಿಲಲ್ಲಿರುವಾಗಲೇ ಹೋದ ಅಮ್ಮನ ಮುಖ ನನಗೆ ಗೊತ್ತಿಲ್ಲ. ನನಗೆ ನೆನಪಾದದ್ದು ನೀವು. ನೀವು ಮದುವೆಯಾಗಿ ಬಂದ ಹೊಸದರಲ್ಲಿ ನಾನು ನಿಮ್ಮನ್ನು ಅಮ್ಮಾ ಎಂದುಬಿಟ್ಟೆ. ಜಡೆ ಹೆಣೆಯುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, ನನ್ನನ್ನು ತಿರುಗಿಸಿ ಕೂರಿಸಿಕೊಂಡು ಹೇಳಿದಿರಿ: ಆ ಹೆಸ್ರು ನಿಮ್ಮಮ್ಮಂದು ಪುಟ್ಟಾ, ಅವರಿಲ್ಲ ಅಂತ ನಾನು ತಗೊಳ್ಳೋ ಹಾಗಿಲ್ಲ. ನಾನು ಅತ್ತಿಗೆ. ಆಮೇಲೆ ಜಡೆ ಪೂರ್ತಿ ಮಾಡಿದಿರಿ. ಮತ್ತೆ ಯಾವತ್ತೂ ನಾನು ಆ ಮಾತು ಆಡಲಿಲ್ಲ, ನೀವು ಆಡಿಸಲಿಲ್ಲ.

ಆದರೆ ಕೆಲಸ? ಅಮ್ಮನ ಕೆಲಸದಲ್ಲಿ ಒಂದನ್ನಾದರೂ ಬಿಟ್ಟಿರಾ? ನಾನು ತರಗತಿಯಲ್ಲಿ ಯಾವುದೋ ಹುಡುಗನ ದನಿಯಲ್ಲಿ ಹಾಜರಿ ಕೂಗಿ ಸಿಕ್ಕಿಬಿದ್ದಾಗ, ಟೀಚರು ನಿನ್ನ ತಾಯಿ ಬರಲಿ ಎಂದು ನನ್ನನ್ನು ಬಾಗಿಲಾಚೆ ನಿಲ್ಲಿಸಿದ್ದರು. ನೀವು ಆಸ್ಪತ್ರೆಯ ಲಾಂಡ್ರಿಯಿಂದ ಹಾಗೇ ಬಂದಿರಿ, ಮೈಯೆಲ್ಲ ಸೋಪಿನ ವಾಸನೆ, ತೋಳಿನ ತನಕ ಒದ್ದೆ. ಟೀಚರು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, ತಾಯೀನ ಕಳಿಸಿ ಅಂದಿದ್ದೆ ಅಂದರು. ನೀವು ಬೆಂಚಿನ ಮೇಲೆ ಕೂತು, ಬಂದಾಗಿದೆ, ಹೇಳಿ ಅಂದಿರಿ.

ಬಂದಾಗಿದೆ, ಹೇಳಿ. ಇಷ್ಟೇ ಮಾತು. ನಾನು ಇಷ್ಟು ವರ್ಷದಿಂದ ಎಷ್ಟೋ ನಾಯಕಿಯರ ಮಾತಿಗೆ ದನಿ ಕೊಟ್ಟಿದ್ದೇನೆ, ಇದಕ್ಕೆ ಸಮನಾದ ಸಂಭಾಷಣೆ ಯಾವ ಕವಿಗಳೂ ಬರೆದುಕೊಟ್ಟಿಲ್ಲ. ಅಣ್ಣ ಹೋದ ಮೇಲೆ ನಿಮ್ಮಪ್ಪ, ನಿಮ್ಮಣ್ಣ ಕರೆದೊಯ್ಯಲು ಬಂದದ್ದೂ ನನಗೆ ಗೊತ್ತು. ನಾನು ಬಾಗಿಲ ಹಿಂದೆಯೇ ಇದ್ದೆ. ಅವಳು ನಿನಗೇನಾಗಬೇಕು, ಸಂಬಂಧ ಮುಗಿದುಹೋಯಿತಲ್ಲ ಎಂದು ನಿಮ್ಮಣ್ಣ ಕೇಳಿದರು. ನೀವು ಜಗಳವಾಡಲಿಲ್ಲ. ಊಟಕ್ಕೆ ಬಡಿಸಿದಿರಿ, ಚೀಲ ತುಂಬಿಕೊಟ್ಟಿರಿ, ಬಸ್ಸು ಹತ್ತಿಸಿದಿರಿ. ಅವರು ಹೋದ ಮೇಲೆ ನನ್ನನ್ನು ಬಾಗಿಲ ಹಿಂದಿನಿಂದ ಎಳೆದು, ಬಾ, ನಾಳೆ ಯೂನಿಫಾರಂ ಒಗೀಬೇಕು ಅಂದಿರಿ. ಸಿನಿಮಾದ ಹಾಗೆ ಹಿಂದೆ ಸಂಗೀತವೂ ಇರಲಿಲ್ಲ, ಮಳೆಯೂ ಬರಲಿಲ್ಲ. ಆ ಸಿನಿಮಾದ ಹೆಂಗಸು ಒಂದು ರೈಲಿನಿಂದ ಇಳಿದದ್ದಕ್ಕೆ ಊರೆಲ್ಲ ಅತ್ತಿತು. ನೀವು ಹತ್ತಲೇ ಇಲ್ಲವಲ್ಲ ಅತ್ತಿಗೆ. ಅದನ್ನು ನೋಡಿದವಳು ನಾನೊಬ್ಬಳೇ, ನನಗೂ ಆಗ ಕಣ್ಣಿರಲಿಲ್ಲ. ಇಂಥವರು ನಮ್ಮ ಮನೆಯಲ್ಲಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು, ನಾನು ಅವರ ಮೇಲೆ ಕಾಲು ಹಾಕಿ ಮಲಗುತ್ತಿದ್ದೆ ಎಂದು ನಂಬುವುದಕ್ಕೇ ಆಗುವುದಿಲ್ಲ.

ಮರುದಿನ ಮತ್ತೆ ಅದೇ ದೃಶ್ಯ. ಕವಿಗಳು ಹೊಸದೇನೂ ಹೊಳೆಯದೆ, ಹುಡುಗಿ ಮುಖ ತಿರುಗಿಸಿದಾಗ ಅತ್ತಿಗೇ ಎಂದು ಕೂಗಿಬಿಡಿ, ಹೇಗೋ ಹೊಂದಿಸೋಣ ಅಂದರು. ನಾನು ಮೈಕಿನ ಮುಂದೆ ನಿಂತೆ. ರೈಲು ಹೊರಟಿತು. ಕಿವಿಯೊಳಗೆ ಹಿಂದಿಯ ಹುಡುಗಿ ಏದುಸಿರು ಬಿಡುತ್ತಿದ್ದಾಳೆ, ನಾನೂ ಬಿಡುತ್ತಿದ್ದೇನೆ. ಕಿಟಕಿಯಲ್ಲಿ ಆ ಹೆಂಗಸು ಬೇಕೆಂದೇ ಈ ಕಡೆ ನೋಡುತ್ತಿಲ್ಲ. ನಿಮ್ಮ ಕಾಗದ ನನ್ನ ಚೀಲದಲ್ಲಿತ್ತು. ಹುಡುಗಿಯ ಮುಖ ಪರದೆ ತುಂಬ ಬಂತು, ತುಟಿ ಮುಚ್ಚಿತು. ನನ್ನ ಬಾಯಿಂದ ಬಂದದ್ದು: ಬಾಮ್ಮಾ.

ನಾನು ಯೋಚನೆ ಮಾಡಿ ಹೇಳಿದ್ದಲ್ಲ ಅತ್ತಿಗೆ, ಆಣೆ ಮಾಡಿ ಹೇಳುತ್ತೇನೆ. ಬಾ ಅಮ್ಮ ಎಂದು ಮಕ್ಕಳು ಸೇರಿಸಿ ಹೇಳುತ್ತಾರಲ್ಲ, ಸೆರಗು ಎಳೆದುಕೊಂಡು, ಮನೆಗೆ ಹೋಗೋಣ ಬಾಮ್ಮಾ, ಅದೇ ಬಾಮ್ಮಾ. ತುಟಿ ಮುಚ್ಚಿ ತೆರೆಯಿತು, ಮುಚ್ಚಿ ತೆರೆಯಿತು. ಹುಡುಗಿಯ ಬಾಯಿಗೆ ಅದು ಎಷ್ಟು ಸರಿಯಾಗಿ ಕೂತಿತೆಂದರೆ ಅವಳು ಮೊದಲಿಂದಲೂ ಕನ್ನಡದಲ್ಲೇ ಕೂಗಿದ್ದಳೇನೋ ಅನ್ನಿಸಿತು. ಆ ಹೆಂಗಸು ಬೆಚ್ಚಿಬಿದ್ದು ತಿರುಗಿ ನೋಡಿದಳು. ಯಾವತ್ತೂ ಹಾಗೇ ನೋಡುತ್ತಾಳೆ, ಚಿತ್ರದಲ್ಲಿ ಇರುವುದೇ ಅಷ್ಟು. ಆದರೆ ಈ ಸಲ, ಆ ಮಾತು ಕೇಳಿಯೇ ತಿರುಗಿದಳು. ಇಷ್ಟು ದಿನ ಭಾಭೀ ಎಂದು ಕರೆಸಿಕೊಂಡವಳು ಮೊದಲ ಸಲ ಅಮ್ಮ ಎನ್ನಿಸಿಕೊಂಡಳು, ಅದಕ್ಕೇ ಆ ಮುಖದಲ್ಲಿ ಅಂಥ ಗಾಬರಿ, ಅಂಥ ಬೆಳಕು. ಹಿಂದಿಯಲ್ಲಿ ಆ ನಟಿ ಯಾಕೆ ಅಷ್ಟು ಬೆಚ್ಚಿದಳೋ ನನಗೆ ತಿಳಿಯದು. ಕನ್ನಡದಲ್ಲಿ ಅದಕ್ಕೆ ಕಾರಣ ಸಿಕ್ಕಿತು.

ಕೋಣೆಯಾಚೆ ಬಟನ್ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದರು, ಅವರು ಮೂಗು ಸೀನಿಕೊಂಡದ್ದೂ ಅದರಲ್ಲಿ ದಾಖಲಾಗಿದೆ. ಕವಿಗಳು ಮಾತ್ರ ಒಪ್ಪಲಿಲ್ಲ. ಮೇಡಂ, ಎರಡೂವರೆ ಗಂಟೆ ಅತ್ತಿಗೆ ಅತ್ತಿಗೆ ಅಂದವಳು ದಿಢೀರಂತ ಅಮ್ಮ ಅಂದ್ರೆ ಜನ ಏನಂತಾರೆ, ಸಂಬಂಧ ತಪ್ಪಿಹೋಗತ್ತೆ ಅಂದರು. ಅವರು ಬಡಪಾಯಿ, ವ್ಯಾಕರಣ ನೋಡಿಕೊಂಡು ಬದುಕುವವರು. ನಾನು ಅವರಿಗೆ ಹೇಳಿದೆ, ತಪ್ಪಿಹೋಗಲ್ಲ ಸಾರ್, ಈಗ ಸರಿಯಾಯ್ತು. ಆ ಹುಡುಗಿ ಎರಡೂವರೆ ಗಂಟೆಯಿಂದ ಇದನ್ನ ಹೇಳೋಕೆ ಬಾಯಿ ಸಿಗದೆ ಒದ್ದಾಡ್ತಿದ್ಲು ಅಂದೆ. ಕವಿಗಳು ಕನ್ನಡಕ ತೆಗೆದು ಒರೆಸಿ, ಆಯ್ತು, ಇರಲಿ, ನಿಮ್ಮ ಇಷ್ಟ ಅಂದರು. ಪರದೆಯ ಮೇಲೆ ಅದು ಹಾಗೇ ಬರುತ್ತದೆ.

ಇದನ್ನೆಲ್ಲ ಯಾಕೆ ಉದ್ದಕ್ಕೆ ಬರೆದೆ ಎಂದರೆ, ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಅತ್ತಿಗೆ ಎನ್ನುವುದು ಅಣ್ಣನ ಕಡೆಯಿಂದ ಬಂದದ್ದು. ಅವನು ತಂದುಕೊಟ್ಟ ಹೆಸರು, ಅವನ ಜೊತೆ ಹೋಗುವುದಾದರೆ ಹೋಗಲಿ. ನೀವು ಬೇರೆಯವರನ್ನು ಮದುವೆಯಾದರೆ ಲೋಕ ಅದನ್ನು ಕಿತ್ತುಕೊಳ್ಳಬಹುದು. ಕಿತ್ತುಕೊಂಡರೆ ಕೊಟ್ಟುಬಿಡಿ, ಜಗಳವಾಡಬೇಡಿ. ಅದರಾಚೆ ನನ್ನ ಹತ್ತಿರ ಒಂದು ಮಾತಿದೆ, ಅದು ಅಣ್ಣನ ಮೂಲಕ ಬಂದದ್ದಲ್ಲ, ನೇರ ನನಗೂ ನಿಮಗೂ ಸೇರಿದ್ದು. ಹೆತ್ತವಳ ಹೆಸರನ್ನು ನೀವು ಮುಟ್ಟದೆ ಕಾಪಾಡಿದಿರಿ. ಇಷ್ಟು ದಿನ ಕಾಪಾಡಿದ್ದು ಸಾಕು. ನಾನು ಅವಳ ಮಗಳು, ಅವಳ ಪರವಾಗಿ ಕೊಡುವ ಹಕ್ಕು ನನಗಿದೆ, ಕೊಡುತ್ತಿದ್ದೇನೆ, ತೆಗೆದುಕೊಳ್ಳಿ. ಅವಳು ಇದ್ದಿದ್ದರೆ ನನಗಿಂತ ಮುಂಚೆ ಕೊಡುತ್ತಿದ್ದಳು.

ಇನ್ನು ನೀವು ಎಂದು ಬರೆಯಲು ಕೈ ಬರುತ್ತಿಲ್ಲ. ನನ್ನ ಜೊತೆ ಓದಿದವರು ಯಾರೂ ತಾಯಿಗೆ ನೀವು ಅನ್ನುತ್ತಿರಲಿಲ್ಲ. ನಾನೊಬ್ಬಳೇ ಶಾಲೆಯ ಗೇಟಿನಲ್ಲಿ ನೀವು ಯಾಕೆ ತಡ ಮಾಡಿದಿರಿ ಎಂದು ದೊಡ್ಡವರ ಹಾಗೆ ಕೇಳುತ್ತಿದ್ದೆ, ಉಳಿದವರು ಕಿಸಕ್ಕೆಂದು ನಗುತ್ತಿದ್ದರು. ಈಗ ಬರೆಯುತ್ತೇನೆ, ತಪ್ಪಾದರೆ ಎದುರಿಗೆ ಸಿಕ್ಕಾಗ ಕಿವಿ ಹಿಂಡು.

ನೀನು ಹೂಂ ಅನ್ನು.

ನನಗೆ ಕಸಿವಿಸಿ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚೂ ಪೂರ್ತಿ ಹೋಗಿಲ್ಲ. ಸಂಜೆ ನಿನ್ನ ಫೋನು ಸ್ವಲ್ಪ ತಡವಾದರೂ, ಅಲ್ಲಿ ಅವರ ಜೊತೆ ಕಾಫಿ ಕುಡಿಯುತ್ತಾ ಕೂತಿದ್ದೀಯೇನೋ ಎಂದು ನಾನು ಸಿಡಿಮಿಡಿ ಮಾಡುವವಳೇ. ಅವರನ್ನು ಅಪ್ಪ ಎಂದು ಕರೆಯುವಷ್ಟು ದೊಡ್ಡ ಮನಸ್ಸೂ ನನಗಿಲ್ಲ, ಲಿಫ್ಟ್‌ನವರು ಎಂದೇ ಕರೆಯುತ್ತೇನೆ, ಅವರು ಬೇಸರ ಮಾಡಿಕೊಳ್ಳಬಾರದು. ಆದರೆ ಇಂಥ ಕಸಿವಿಸಿಗೆಲ್ಲ ಹೆದರಿ ಬೇಡ ಅನ್ನಬೇಡ. ಮಕ್ಕಳು ಅಂದಮೇಲೆ ರಗಳೆ ಇದ್ದೇ ಇರುತ್ತದೆ. ಅಮ್ಮಂದಿರು ಅದನ್ನೆಲ್ಲ ಕೇಳಿಯೂ ಕೇಳದ ಹಾಗೆ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.

ಆ ಸಿನಿಮಾದ ಹುಡುಗಿ ಕೂಗಿ ಕೂಗಿ ಇಳಿಸಿಕೊಂಡಳು. ಜನ ಚಪ್ಪಾಳೆ ತಟ್ಟಿದರು, ತಟ್ಟಲಿ. ನಾನು ಪ್ಲಾಟ್‌ಫಾರಂ ಮೇಲೆ ಓಡಿಕೊಂಡು ಬಂದರೂ ಅದು ನಿನ್ನ ಚೀಲ ಕಿಟಕಿಯೊಳಕ್ಕೆ ತುರುಕುವುದಕ್ಕೆ. ಕನ್ನಡದವರು ನಾವು ಯಾರಿಗೂ ಬರೀ ಹೋಗು ಅನ್ನುವುದಿಲ್ಲವಲ್ಲ, ಹಾಗಂದರೆ ಜಗಳ ಎಂದು ಅರ್ಥ. ಹೋಗಿ ಬಾ ಅನ್ನುತ್ತೇವೆ. ನಾನು ಅದನ್ನೇ ಅನ್ನುತ್ತೇನೆ. ಹೋಗಿ ಬಾಮ್ಮಾ. ಹೋಗು, ಅವರ ಮನೆಯಲ್ಲಿ ನಿನ್ನ ಪಾತ್ರೆ ಜೋಡಿಸಿಕೋ, ಗಲಾಟೆ ಮಾಡು, ಉಪ್ಪು ಜಾಸ್ತಿ ಹಾಕು, ಸಂತೋಷವಾಗಿರು. ಆಮೇಲೆ ನನ್ನ ಮನೆಗೆ ಬಾ, ತವರಿಗೆ ಬರುವ ಹಾಗೆ. ನಿನಗೆ ತವರು ನಾನೇ ಇನ್ನು ಮುಂದೆ. ಇದು ತಿರುಗುಮುರುಗಾಯಿತು, ಮಗಳ ಮನೆ ತಾಯಿಗೆ ತವರಾಗುವುದು ಎಲ್ಲಿಯಾದರೂ ಉಂಟೇ ಎಂದು ಕವಿಗಳು ಕೇಳಬಹುದು. ಕೇಳಲಿ. ನಮ್ಮಿಬ್ಬರಲ್ಲಿ ಯಾವುದು ನೆಟ್ಟಗೆ ಶುರುವಾಗಿತ್ತು ಹೇಳು.

ಅವರ ಬಗ್ಗೆ ನಾನು ನಿನ್ನನ್ನು ಏನೂ ಕೇಳುವುದಿಲ್ಲ. ಹೇಗೆ, ಎಂಥವರು, ಕುಡಿಯುತ್ತಾರಾ, ಗೊರಕೆ ಹೊಡೆಯುತ್ತಾರಾ, ಒಂದೂ ಕೇಳುವುದಿಲ್ಲ. ನೀನು ಮೆಚ್ಚಿದ್ದೀಯ, ಅಷ್ಟು ಸಾಕು. ಲಿಫ್ಟಿನಲ್ಲಿ ನೀನು ಬಟ್ಟೆ ಗಾಡಿಯ ಸಮೇತ ಸಿಕ್ಕಿಕೊಂಡಾಗ, ಹೆದರಬೇಡಿ ಹೆದರಬೇಡಿ ಎಂದು ಹೊರಗಿನಿಂದ ಹೇಳುತ್ತಿದ್ದವರಿಗೆ, ಮಾತು ಬಿಟ್ಟು ಕೆಲಸ ನೋಡಿ ಎಂದು ಗದರಿದ್ದೆಯಂತಲ್ಲ. ಅದಾದ ಮೇಲೂ ಬಂದು ಮಾತಾಡಿಸಿದರು ಎಂದರೆ ಒಳ್ಳೆಯವರೇ ಇರಬೇಕು.

ನಲ್ಲಿಯ ಸದ್ದು ಕೇಳಿ ಕೇಳಿ ತಲೆ ಕೆಟ್ಟಿದೆ, ಹೋಗಿ ಅದರ ಕೆಳಗೆ ಒಂದು ಬಟ್ಟೆ ಇಟ್ಟು ಬರುತ್ತೇನೆ. ಮೈಕೈ ನೋಡಿಕೋ. ಬಿಸಿಲಿನಿಂದ ಬಂದು ಫ್ಯಾನಿನ ಕೆಳಗೆ ಕೂರಬೇಡ ಎಂದು ನೀನು ನನಗೆ ಹೇಳುವುದನ್ನೆಲ್ಲ ನಾನು ಇವತ್ತು ನಿನಗೆ ಹೇಳುತ್ತಿದ್ದೇನೆ.

ನಿನ್ನ ಮಗಳು,
ಪಿಟೀಲು

ಮರೆತಿದ್ದು: ಅವರ ಬಗ್ಗೆ ಏನೂ ಕೇಳುವುದಿಲ್ಲ ಎಂದು ದೊಡ್ಡ ಮನಸ್ಸಿನಿಂದ ಬರೆದೆನಲ್ಲ, ಅದಕ್ಕೆ ಕಾರಣವಿದೆ. ಎಲ್ಲವನ್ನೂ ನಿನ್ನೆಯೇ ಅವರನ್ನು ಕೇಳಿಯಾಗಿದೆ. ನಿನಗೆ ನಿನ್ನೆ ರಜೆ ಎಂದು ಗೊತ್ತಿದ್ದೇ ಆಸ್ಪತ್ರೆಗೆ ಹೋಗಿದ್ದೆ. ಹೆಣ್ಣಿನ ಕಡೆಯವರ ಹಾಗೆ ಗತ್ತಿನಲ್ಲಿ ನಿಂತು, ಲಿಫ್ಟ್ ನೋಡ್ಕೊಳೋರು ಯಾರ್ರೀ ಅಂದೆ. ಕೈಯಲ್ಲಿ ಗ್ರೀಸು ಮೆತ್ತಿಕೊಂಡು ಒಬ್ಬರು ಎದ್ದು ಬಂದರು. ನಾನು ಇನ್ನೊಂದು ಮಾತಾಡುವ ಮುಂಚೆ ನನ್ನ ಮುಖ ನೋಡಿ, ನೀವು ಅವರ ಮಗಳಲ್ವಾ ಅಂದರು. ನಿನ್ನ ಪರ್ಸಿನಲ್ಲಿರುವ ನನ್ನ ಫೋಟೋ ನೋಡಿದ್ದರಂತೆ. ನಾನು ಶಾಲೆಯಲ್ಲಿ ಓದುತ್ತಿದ್ದಾಗಲೇ ಅವರು ಮದುವೆ ಆಗೋಣ ಎಂದು ನಿನ್ನನ್ನು ಒಂದು ಸಲ ಕೇಳಿದ್ದರಂತೆ. ನನಗೊಬ್ಬಳು ಮಗಳಿದ್ದಾಳೆ, ಅವಳ ಮದುವೆ ಆಗದೆ ನಂದೇನೂ ಇಲ್ಲ ಎಂದು ನೀನು ಹೇಳಿದ್ದೆಯಂತೆ. ಅವತ್ತಿನಿಂದ ಅವರಿಗೆ ನಾನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ, ನಾದಿನಿ ಎನ್ನುವ ಸುದ್ದಿಯೇ ಗೊತ್ತಿಲ್ಲ. ನನಗೆ ಅಮ್ಮ ಅನ್ನಬೇಡ ಎಂದವಳು ಆಚೆ ಹೋಗಿ ಇಷ್ಟು ವರ್ಷ ಮಗಳು ಮಗಳು ಎಂದುಕೊಂಡು ಓಡಾಡಿದ್ದೀಯ. ಅವರ ಮಾತಿಗೆ ನಾನೂ, ಹೌದು, ಮಗಳು ಅಂದೆ.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಲಿಫ್ಟ್‌ನವರನ್ನು ಇವತ್ತು ಇಲ್ಲಿಗೆ ಬರಹೇಳಿದ್ದೇನೆ, ಬರೆದು ಮುಗಿಸಿ ಅವರ ಕೈಯಲ್ಲೇ ಕೊಡುತ್ತೇನೆ, ಇಲ್ಲಿಂದ ನೇರ ನಿನ್ನ ಮನೆಗೆ ಬರುತ್ತಾರೆ. ಒಳಗೆ ಏನಿದೆ ಎಂದು ಅವರಿಗೆ ಹೇಳಿಲ್ಲ, ಅವರೂ ಕೇಳುವುದಿಲ್ಲ, ಆ ವಿಷಯದಲ್ಲಿ ನಿನ್ನ ಜೋಡಿಯೇ. ನಿನ್ನ ಕಟ್ಟಡದಲ್ಲಿ ಲಿಫ್ಟ್ ಇಲ್ಲ, ಅಷ್ಟು ಮೆಟ್ಟಿಲು ಹತ್ತಿ ಬಂದು, ನೀನು ಇಷ್ಟುದ್ದ ಓದುವ ತನಕ ಪಾಪ ಹೊರಗೇ ನಿಂತಿರುತ್ತಾರೆ. ಕಣ್ಣೊರೆಸಿಕೊಂಡು ಬಾಗಿಲು ತೆಗಿ.